ಕರಿಮದ್ದಿನ ಕೋವಿ ತೊಳೆಯಲು ಚಿಮಿಣಿ ಎಣ್ಣೆಯೋ, ನೀರೋ?

ಕೋವಿಯ ನಳಿಗೆಗೆ ನೀರು ತಾಗಿಸಬಾರದು ಎಂಬ ನಂಬಿಕೆ ಉಡುಪಿ, ಕಾರ್ಕಳ ಕಡೆಯ ತೋಟದ ಮನೆಗಳಲ್ಲಿ ಇನ್ನೂ ಗಟ್ಟಿಯಾಗಿದೆ. ನಳಿಗೆ ಹಾಳಾಗುವುದೂ ಆ ನಂಬಿಕೆಯಿಂದಲೇ. ಕರಿಮದ್ದು, ಅಂದರೆ ಕೋವಿಗೆ ತುಂಬುವ ಕಪ್ಪು ಸಿಡಿಮದ್ದು, ಉರಿದಾಗ ಅರ್ಧಕ್ಕಿಂತ ಹೆಚ್ಚು ಪಾಲು ಹೊಗೆಯೂ ಕಿಟ್ಟವೂ ಆಗುತ್ತದೆ. ಕಿಟ್ಟದಲ್ಲಿರುವುದು ಪೊಟ್ಯಾಸಿಯಂ ಲವಣಗಳು. ಅವು ನೀರಿನಲ್ಲಿ ಕರಗುತ್ತವೆ, ಎಣ್ಣೆಯಲ್ಲಿ ಅಲ್ಲ.

ಚಿಮಿಣಿ ಎಣ್ಣೆ ಹಾಕಿ ಗಜ (ನಳಿಗೆಯೊಳಗೆ ತೂರಿಸುವ ಕೋಲು) ಎಳೆದರೆ ಬಟ್ಟೆ ಕಪ್ಪಾಗಿ ಬರುತ್ತದೆ, ನಳಿಗೆ ಹೊಳೆಯುತ್ತದೆ. ಆದರೆ ಲವಣ ಎಣ್ಣೆಯ ಅಡಿಯಲ್ಲೇ ಕೂತು ಗಾಳಿಯ ತೇವ ಹೀರುತ್ತದೆ. ಆಟಿಯ ಮಳೆಯಲ್ಲಿ ಮರುದಿನ ಬಿಳಿ ಬಟ್ಟೆ ಹಾಕಿ ನೋಡಿ, ಕೆಂಗಂದು ಬಣ್ಣದಲ್ಲಿ ಹೊರಬರುತ್ತದೆ.

ಸೋಪು ನೀರಿನದ್ದು ಬೇರೆಯೇ ಫಲ. ಮೊದಲು ಗಜ ಇಳಿಸಿ, ಅದು ಇಳಿದಷ್ಟು ಉದ್ದವನ್ನು ಹೊರಗಿನಿಂದ ನಳಿಗೆಗೆ ಅಳತೆ ಹಿಡಿದು, ಕೋವಿ ಖಾಲಿ ಎಂದು ಖಾತ್ರಿ ಮಾಡಿಕೊಳ್ಳಿ. ಕೇಪಿನ (ಬಡಿದರೆ ಕಿಡಿ ಕೊಡುವ ಪುಟ್ಟ ಟೋಪಿಯ) ಕೋವಿಯಾದರೆ, ಕೇಪು ಕೂರುವ ನಿಪ್ಪಲ್ ಬಿಚ್ಚಿ, ಮರದಿಂದ ನಳಿಗೆ ಬೇರ್ಪಡಿಸಿ, ಬುಡವನ್ನು ಬಕೆಟ್ಟಿನಲ್ಲಿಟ್ಟು, ಹಳೆ ಪಂಚೆಯ ತುಂಡು ಸುತ್ತಿದ ಗಜದಿಂದ ನೀರು ಎಳೆದು ಬಿಡಿ. ಐದಾರು ತುಂಡು ಬದಲಿಸುವಷ್ಟರಲ್ಲಿ ಬಟ್ಟೆ ಬಿಳಿಯಾಗಿ ಬರುತ್ತದೆ. ನೀರು ಉಗುರುಬೆಚ್ಚಗಿದ್ದರೆ ಸಾಕು. ಕುದಿಯುವ ನೀರು ಬೇಗ ಒಣಗುತ್ತದೆ ನಿಜ, ಆದರೆ ಬಿಸಿ ಕಬ್ಬಿಣದ ಮೇಲೆ ನೋಡುನೋಡುತ್ತಿದ್ದಂತೆ ಕೆಂಪು ಪೊರೆ ಕಟ್ಟುತ್ತದೆ. ಒಣಬಟ್ಟೆಯಿಂದ ಒರಸಿ ತಕ್ಷಣ ಎಣ್ಣೆ ಹಚ್ಚಿ, ಮರುದಿನ ಇನ್ನೊಮ್ಮೆ ಬಟ್ಟೆ ಹಾಕಿ ನೋಡಿ.

ಮೂರನೆಯದು ಲೇತ್ ಶಾಪಿನ ಕಟಿಂಗ್ ಆಯಿಲ್, ನೀರಿಗೆ ಬಿದ್ದರೆ ಹಾಲಿನಂತಾಗುವುದು. ಒಂದು ಪಾಲಿಗೆ ಏಳು ಪಾಲು ನೀರು. ತೋಟೆ (ಕಾರ್ಟ್ರಿಜ್) ಹಾಕುವ ರೈಫಲ್ಲಿಗೆ ನಮ್ಮ ಆಯ್ಕೆ ಇದೇ: ಈಡುಗಳ ನಡುವೆ ಒಂದು ಒದ್ದೆ ತುಂಡು, ಒಂದು ಒಣ ತುಂಡು ಎಳೆದರೆ ಕಿಟ್ಟ ಮೆತ್ತಗೇ ಇರುತ್ತದೆ, ಗುರಿ ಚದರುವುದಿಲ್ಲ. ಹಿತ್ತಾಳೆ ತೋಟೆಗಳನ್ನು ಅಂದೇ ಸೋಪು ನೀರಿಗೆ ಹಾಕಿ, ಇಲ್ಲವಾದರೆ ಕಿಲುಬು ಹಿಡಿಯುತ್ತದೆ. ಅಮೋನಿಯ ಇರುವ ಗಾಜು ಒರಸುವ ದ್ರಾವಣ ಬೇಡವೇ ಬೇಡ, ಹಿತ್ತಾಳೆ ಬಿರಿಯುತ್ತದೆ.

ಎಣ್ಣೆಯಲ್ಲೂ ಜಗಳವಿದೆ. ತೆಂಗಿನೆಣ್ಣೆ, ಜೇನುಮೇಣ ಬೆರೆಸಿದ್ದು ಗುಂಡಿಗೆ ಬಳಿಯಲು ಚೆನ್ನ. ತಿಂಗಳುಗಟ್ಟಲೆ ಇಡುವ ನಳಿಗೆಗೆ ಅದು ಬೇಡ, ಕನರುತ್ತದೆ. ಅಲ್ಲಿ ಗನ್ ಆಯಿಲ್ಲೇ ಸರಿ. ಚುನಾವಣೆಗೆ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡುವ ಮುನ್ನವಂತೂ ಧಾರಾಳ ಹಚ್ಚಿ. ಮತ್ತೆ ಈಡು ಹೊಡೆಯುವ ಮುನ್ನ ಅದನ್ನು ಪೂರ್ತಿ ಒರಸಿ ತೆಗೆಯಬೇಕು: ಗನ್ ಆಯಿಲ್‌ನಂಥ ಖನಿಜ ತೈಲ ಕರಿಮದ್ದಿನೊಂದಿಗೆ ಸುಟ್ಟರೆ ಡಾಮರಿನಂತೆ ಅಂಟುತ್ತದೆ.