ಕಚೇರಿಯ ಮೇಲ್ ಬ್ರೌಸರ್‌ಗೆ ಬಂದ ಮೇಲೆ: ಔಟ್‌ಲುಕ್ ಆನ್ ದಿ ವೆಬ್ ಕುರಿತು ಒಂದು ವರ್ಷದ ಅನುಭವ

ಪೀಣ್ಯದಲ್ಲಿರುವ ನಮ್ಮ ಕಚೇರಿಯಲ್ಲಿ ಹದಿನಾಲ್ಕು ಕಂಪ್ಯೂಟರ್‌ಗಳಿವೆ. ಅವುಗಳಲ್ಲಿ ಒಂದನ್ನೊಂದು ಹೋಲುವ ಜೋಡಿ ಸಿಗುವುದು ಕಷ್ಟ. ಅಕೌಂಟ್ಸ್‌ನಲ್ಲಿ ವಿಂಡೋಸ್ 11, ಕ್ಯಾಟಲಾಗ್ ಸಿದ್ಧಪಡಿಸುವವರ ಬಳಿ ಎರಡು ಮ್ಯಾಕ್, ಸ್ಟೋರ್ಸ್‌ನಲ್ಲಿ ಹಳೆಯ ಲೇಬಲ್ ಪ್ರಿಂಟರ್ ಬೇರೆ ಯಾವುದಕ್ಕೂ ಒಗ್ಗದ ಕಾರಣ ಉಳಿದುಕೊಂಡಿರುವ ಒಂದು ವಿಂಡೋಸ್ 7. ಇವೆಲ್ಲಕ್ಕೂ ಮೇಲ್ ಒದಗಿಸುವ ಹೊಣೆ ನನ್ನದು. ಒಂದೊಂದು ಯಂತ್ರದಲ್ಲೂ ತಂತ್ರಾಂಶ ಹಾಕಿ, ಪತ್ರಗಳನ್ನು ಆ ಯಂತ್ರದಲ್ಲೇ ಕೂಡಿಡುವ ಪಿಎಸ್‌ಟಿ ಕಡತಗಳನ್ನು ಕಾಯ್ದು ಸಾಕಾದ ಮೇಲೆ, ಕಳೆದ ವರ್ಷ ಬಹುತೇಕ ಎಲ್ಲರನ್ನೂ ಔಟ್‌ಲುಕ್ ಆನ್ ದಿ ವೆಬ್‌ಗೆ, ಅಂದರೆ ಬ್ರೌಸರ್‌ನಲ್ಲೇ ತೆರೆಯುವ ಮೈಕ್ರೋಸಾಫ್ಟ್‌ನ ಕಚೇರಿ ಮೇಲ್‌ಗೆ ದಾಟಿಸಿದೆ. ದಿನವಿಡೀ ಅದರಲ್ಲೇ ಕೆಲಸ ಮಾಡಿದವನ ವಿಮರ್ಶೆ ಇದು.

ಇದು ಹೊಸ ಸರಕೇನಲ್ಲ. 1997ರಲ್ಲಿ ಮೈಕ್ರೋಸಾಫ್ಟ್‌ನ ಅಂಚೆ ಸರ್ವರ್ ತಂತ್ರಾಂಶವಾದ ಎಕ್ಸ್‌ಚೇಂಜ್ ಸರ್ವರ್ 5.0 ಬಂದಾಗಲೇ ಬ್ರೌಸರ್‌ನಲ್ಲಿ ಮೇಲ್ ನೋಡುವ ಏರ್ಪಾಡು ಅದರ ಜೊತೆಗಿತ್ತು. ಎಕ್ಸ್‌ಚೇಂಜ್ 2000ಕ್ಕಾಗಿ ಈ ಏರ್ಪಾಡಿನ ತಂಡದವರು ರೂಪಿಸಿದ ಎಕ್ಸ್‌ಎಮ್‌ಎಲ್‌ಎಚ್‌ಟಿಟಿಪಿ ಎಂಬ ಘಟಕ 1999ರಲ್ಲಿ ಮೈಕ್ರೋಸಾಫ್ಟ್‌ನದೇ ಬ್ರೌಸರ್ ಆದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರೊಡನೆ ಹೊರಬಿದ್ದಿತು. ಇಡೀ ಪುಟವನ್ನು ಮತ್ತೆ ತರಿಸದೆ ಬೇಕಾದಷ್ಟನ್ನೇ ಸರ್ವರ್‌ನಿಂದ ಪಡೆಯುವ, ಮುಂದೆ ಅಜಾಕ್ಸ್ ಎಂದು ಹೆಸರಾದ ವಿಧಾನದ ಬೇರು ಅಲ್ಲಿದೆ. ಇಂದು ರೈಲ್ವೆ ಟಿಕೆಟ್ ಕಾದಿರಿಸುವಾಗಲೂ ನಕಾಶೆ ನೋಡುವಾಗಲೂ ನಾವು ಬಳಸುವ ಉಪಾಯ ಕಚೇರಿಯ ಅಂಚೆಗೆಂದು ಹುಟ್ಟಿದ್ದು ಎಂಬುದು ನನಗೆ ಇಂದಿಗೂ ಸೋಜಿಗದ ಸಂಗತಿ.

ಆದರೆ ಅದೇ ತಂಡ ಬಹುಕಾಲ ಬ್ರೌಸರ್‌ಗಳಲ್ಲಿ ಪಂಕ್ತಿಭೇದ ಮಾಡಿತು. ಎಕ್ಸ್‌ಚೇಂಜ್ 2007ರ ಕಾಲದಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬಳಸುವವರಿಗೆ ಪೂರ್ಣ ಊಟ. ಫೈರ್‌ಫಾಕ್ಸ್, ಸಫಾರಿಗಳಿಂದ ಬಂದವರಿಗೆ ‘ಲೈಟ್’ ಎಂಬ ಹೆಸರಿನಲ್ಲಿ ಅನ್ನ-ಸಾರು ಮಾತ್ರ. 2009ರ ಕೊನೆಗೆ ಬಂದ ಎಕ್ಸ್‌ಚೇಂಜ್ 2010ರಲ್ಲಿ ಈ ಗೋಡೆ ಬಿದ್ದು, ಫೈರ್‌ಫಾಕ್ಸ್, ಸಫಾರಿ, ಕ್ರೋಮ್‌ಗಳಲ್ಲೂ ಪೂರ್ಣ ರೂಪ ತೆರೆಯಿತು. ಒಂದೇ ವಿಷಯದ ಮೇಲ್‌ಗಳನ್ನು ಸಂಭಾಷಣೆಯಂತೆ ಜೋಡಿಸಿ ತೋರಿಸುವ ನೋಟ, ಕಳುಹಿಸುವ ಮುನ್ನವೇ ‘ಇವರು ರಜೆಯಲ್ಲಿದ್ದಾರೆ’ ಎಂದು ಎಚ್ಚರಿಸುವ ಮೇಲ್‌ಟಿಪ್ಸ್ ಆಗಲೇ ಬಂದವು. ಕೊನೆಗೆ ಚಕ್ರ ಪೂರ್ತಿ ತಿರುಗಿತು: 2021ರ ಆಗಸ್ಟ್ 17ರಂದು ಔಟ್‌ಲುಕ್ ಆನ್ ದಿ ವೆಬ್ ಸೇರಿದಂತೆ ಮೈಕ್ರೋಸಾಫ್ಟ್ 365 ಸೇವೆಗಳು ಇಂಟರ್‌ನೆಟ್ ಎಕ್ಸ್‌ಪ್ಲೋರರ್ 11ಕ್ಕೇ ಬೆಂಬಲ ನಿಲ್ಲಿಸಿದವು.

ಈಗಿನ ನಿಯಮ ಸರಳವಾಗಿದೆ. ಎಡ್ಜ್, ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಇವುಗಳಲ್ಲಿ ಯಾವುದಾದರೂ ಸರಿ, ಆದರೆ ಚಾಲ್ತಿಯಲ್ಲಿರುವ ಆವೃತ್ತಿಯಾಗಿರಬೇಕು. ಈ ಎರಡನೆಯ ಮಾತನ್ನು ಜನ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಮ್ಮ ಸ್ಟೋರ್ಸ್‌ನ ಯಂತ್ರವನ್ನೇ ನೋಡಿ: ವಿಂಡೋಸ್ 7ರಲ್ಲಿ ಕ್ರೋಮ್ ಆಗಲಿ ಎಡ್ಜ್ ಆಗಲಿ 109ನೆಯ ಆವೃತ್ತಿಯಾಚೆ ಏರುವುದಿಲ್ಲ, ಫೈರ್‌ಫಾಕ್ಸ್ 115ಕ್ಕೆ ನಿಲ್ಲುತ್ತದೆ. ಅಲ್ಲಿ ಮೇಲ್ ಇವತ್ತು ತೆರೆದುಕೊಂಡಿತೆಂದರೆ ಅದು ನಮ್ಮ ಪುಣ್ಯ. ತೆರೆದುಕೊಳ್ಳುವುದು ಬೇರೆ, ಬೆಂಬಲವಿರುವುದು ಬೇರೆ. ನಾಳೆ ಒಂದು ಗುಂಡಿ ಒತ್ತಿದರೂ ಕದಲದಿದ್ದರೆ ದೂರಲು ನಮಗೆ ಹಕ್ಕಿರುವುದಿಲ್ಲ.

ಹೊಸ ಸೌಲಭ್ಯಗಳಿಗೆ ಬರುತ್ತೇನೆ. ಇವುಗಳ ಪಟ್ಟಿ ಉದ್ದವಿದೆ, ಆದರೆ ಎಲ್ಲವನ್ನೂ ನಾನು ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ: ಈ ಕೆಲಸ ನಡೆಯುವುದು ಸರ್ವರ್‌ನಲ್ಲೋ, ನನ್ನ ಎದುರಿನ ಬ್ರೌಸರ್‌ನಲ್ಲೋ? ಮೊದಲನೆಯದಾದರೆ ಕಂಪ್ಯೂಟರ್ ಮುಚ್ಚಿ ಬಸ್ಸು ಹತ್ತಬಹುದು. ಎರಡನೆಯದಾದರೆ ಬ್ರೌಸರ್ ಮುಚ್ಚಿದೊಡನೆ ಅದರ ಕಥೆಯೂ ಮುಗಿಯಿತು.

ಕಳುಹಿಸಿದ್ದನ್ನು ತಡೆಯುವ ‘ಅನ್‌ಡೂ ಸೆಂಡ್’ ಇದಕ್ಕೆ ಒಳ್ಳೆಯ ಉದಾಹರಣೆ. ಸೆಟ್ಟಿಂಗ್ಸ್‌ನ ಮೇಲ್ ವಿಭಾಗದಲ್ಲಿ ‘ಕಂಪೋಸ್ ಅಂಡ್ ರಿಪ್ಲೈ’ ತೆರೆದರೆ ಒಂದು ಜಾರುಗುಂಡಿ ಸಿಗುತ್ತದೆ. ಅದನ್ನು ಗರಿಷ್ಠ 10 ಸೆಕೆಂಡಿನವರೆಗೆ ಎಳೆಯಬಹುದು. ಮೊನ್ನೆ ಒಂದು ಕೊಟೇಶನ್‌ನಲ್ಲಿ ಬೇರಿಂಗ್ ಒಂದಕ್ಕೆ 1,850 ರೂಪಾಯಿ ಎಂದು ಬರೆಯುವ ಬದಲು 185 ಎಂದು ಬರೆದು ಸೆಂಡ್ ಒತ್ತಿದವನು ನಾನೇ. ಪರದೆಯ ಕೆಳಗೆ ಪುಟ್ಟ ಪಟ್ಟಿಯೊಂದು ಮೂಡಿತು, ಕೈ ಅದರತ್ತ ಓಡಿತು, ಪತ್ರ ತಿರುಗಿ ತೆರೆದುಕೊಂಡಿತು. ಹತ್ತು ಸೆಕೆಂಡು ಕಡಿಮೆಯೆಂದು ಅನ್ನಿಸಬಹುದು. ಜಿಮೇಲ್ ಇದಕ್ಕೆ 30 ಸೆಕೆಂಡಿನವರೆಗೆ ಕೊಡುತ್ತದೆ, ಇಲ್ಲಿಯೂ ಅಷ್ಟಿರಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಆ ಹತ್ತು ಸೆಕೆಂಡು ಪತ್ರ ಕಾಯುವುದು ಬ್ರೌಸರ್‌ನ ಭರವಸೆಯ ಮೇಲೆ. ಅಷ್ಟರೊಳಗೆ ಬ್ರೌಸರ್ ಮುಚ್ಚಿದರೆ ಅಥವಾ ಲ್ಯಾಪ್‌ಟಾಪ್ ಮಲಗಿದರೆ ಪತ್ರ ಹೋಗದೆ ಡ್ರಾಫ್ಟ್ಸ್‌ನಲ್ಲೇ ಉಳಿಯುತ್ತದೆ. ಸಂಜೆ ಆರಕ್ಕೆ ಸೆಂಡ್ ಒತ್ತಿ, ಅದೇ ಉಸಿರಿನಲ್ಲಿ ಮುಚ್ಚಳ ಮಡಚಿ ಮೆಟ್ರೋ ಹಿಡಿಯಲು ಓಡುವವರು, ಯುಪಿಎಸ್ ಇಲ್ಲದ ಮೇಜಿನಲ್ಲಿ ಕೂತವರು ಇದನ್ನು ತಿಳಿದಿರಬೇಕು.

ಇದಕ್ಕೆ ವಿರುದ್ಧವಾಗಿ ‘ಶೆಡ್ಯೂಲ್ ಸೆಂಡ್’ ಪೂರ್ತಿ ಸರ್ವರ್‌ನ ಹೊಣೆ. ರಾತ್ರಿ ಹನ್ನೊಂದಕ್ಕೆ ಬರೆದ ಪತ್ರವನ್ನು ಬೆಳಗ್ಗೆ ಒಂಬತ್ತಕ್ಕೆ ಹೋಗುವಂತೆ ನಿಗದಿ ಮಾಡಿ ಯಂತ್ರವನ್ನೇ ಬಂದ್ ಮಾಡಬಹುದು. ಪತ್ರ ವಿಂಗಡಿಸುವ ನಿಯಮಗಳೂ ಹಾಗೆಯೇ: ಹಳೆಯ ಡೆಸ್ಕ್‌ಟಾಪ್ ಔಟ್‌ಲುಕ್‌ನ ಕೆಲವು ನಿಯಮಗಳು ಆ ತಂತ್ರಾಂಶ ತೆರೆದಿರುವಾಗ ಮಾತ್ರ ಕೆಲಸ ಮಾಡುತ್ತಿದ್ದವು, ಇಲ್ಲಿ ಬರೆದ ನಿಯಮಗಳು ಸರ್ವರ್‌ನಲ್ಲಿ ಕೂತು ಹಗಲೂ ರಾತ್ರಿ ಪತ್ರ ವಿಂಗಡಿಸುತ್ತವೆ. ಕಳುಹಿಸಿದ ಪತ್ರವನ್ನು ಹಿಂಪಡೆಯುವ ‘ರೀಕಾಲ್’ ಕೂಡ ಈಗ ಮೈಕ್ರೋಸಾಫ್ಟ್‌ನ ಮೋಡದಲ್ಲೇ, ಅಂದರೆ ಅವರ ಸರ್ವರ್‌ಗಳಲ್ಲೇ, ನಡೆಯುವುದರಿಂದ ಹಿಂದಿಗಿಂತ ಎಷ್ಟೋ ನಂಬಿಕೆಗೆ ಅರ್ಹವಾಗಿದೆ. ಆದರೆ ಅದು ಒಂದೇ ಸಂಸ್ಥೆಯೊಳಗಿನ ಪತ್ರಗಳಿಗೆ ಮಾತ್ರ ಸಲ್ಲುತ್ತದೆ. ಗ್ರಾಹಕರ ಇನ್‌ಬಾಕ್ಸ್ ತಲುಪಿದ ತಪ್ಪು ದರವನ್ನು ಯಾವ ಗುಂಡಿಯೂ ವಾಪಸ್ ತರಲಾರದು.

ನಮ್ಮ ಕಚೇರಿಯವರು ಅತಿ ಹೆಚ್ಚು ಮೆಚ್ಚಿಕೊಂಡದ್ದು ‘ಸ್ವೀಪ್’. ಹೆಸರಿಗೆ ತಕ್ಕಂತೆ ಇದು ಪೊರಕೆ. ಒಬ್ಬ ಕಳುಹಿಸುವವನ ಪತ್ರವೊಂದನ್ನು ಆರಿಸಿ ಸ್ವೀಪ್ ಒತ್ತಿದರೆ, ಅವನ ಎಲ್ಲ ಪತ್ರಗಳನ್ನು ಗುಡಿಸಬೇಕೇ, ಮುಂದೆ ಬರುವವನ್ನೂ ಗುಡಿಸಬೇಕೇ, ತೀರಾ ಈಚಿನದೊಂದನ್ನು ಉಳಿಸಿ ಮಿಕ್ಕಿದ್ದನ್ನು ತೆಗೆಯಬೇಕೇ, ಹತ್ತು ದಿನಕ್ಕಿಂತ ಹಳೆಯವನ್ನು ಮಾತ್ರ ತೆಗೆಯಬೇಕೇ ಎಂದು ಕೇಳುತ್ತದೆ. ದಿನವೂ ಬರುವ ಸ್ಟಾಕ್ ವರದಿಗೆ ಮೂರನೆಯ ಆಯ್ಕೆ ಹೇಳಿ ಮಾಡಿಸಿದಂತಿದೆ: ಇವತ್ತಿನದಿದ್ದರೆ ಸಾಕು, ನಿನ್ನೆಯದು ಯಾರಿಗೂ ಬೇಡ. ಪತ್ರವನ್ನು ಪಟ್ಟಿಯ ಮೇಲ್ತುದಿಗೆ ಪಿನ್ ಮಾಡುವುದು, ಹೇಳಿದ ಹೊತ್ತಿಗೆ ಮರಳಿ ಬರುವಂತೆ ಸ್ನೂಜ್ ಮಾಡುವುದು, ಪತ್ರಕ್ಕೆ ಹೆಬ್ಬೆರಳಿನ ಚಿತ್ರದಿಂದಲೇ ಉತ್ತರಿಸುವುದು ಎಲ್ಲವೂ ಇವೆ. ಕೊನೆಯದು ಹಿರಿಯರಿಗೆ ಅಗೌರವವೆನಿಸಬಹುದೆಂದು ನಾನು ಬಳಸುವುದಿಲ್ಲ. ಜಿಮೇಲ್‌ನಿಂದ ಬಂದವರಿಗೆ ಒಂದು ಕಿವಿಮಾತು: ಕೀಲಿಮಣೆಯ ಶಾರ್ಟ್‌ಕಟ್‌ಗಳನ್ನು ಜಿಮೇಲ್ ಪದ್ಧತಿಗೆ ಬದಲಿಸಿಕೊಳ್ಳುವ ಆಯ್ಕೆ ಇಲ್ಲಿದೆ. ಬೆರಳಿನ ರೂಢಿಯನ್ನು ಬಿಡಿಸುವುದು ಎಷ್ಟು ಕಷ್ಟವೆಂದು ಇದನ್ನು ಮಾಡಿದವರಿಗೆ ಗೊತ್ತಿದ್ದಿರಬೇಕು.

ಜಾಲಸಂಪರ್ಕವಿಲ್ಲದಾಗಲೂ ಓದಿ ಬರೆಯಲು ಬರುವ ಆಫ್‌ಲೈನ್ ಸೌಲಭ್ಯವನ್ನು ಸೆಟ್ಟಿಂಗ್ಸ್‌ನಲ್ಲಿ ನಾವೇ ಚಾಲೂ ಮಾಡಬೇಕು. ಇದು ಎರಡನೆಯ ಬಗೆಯದು: ಪತ್ರಗಳ ಪ್ರತಿ ಆ ಯಂತ್ರದ ಆ ಬ್ರೌಸರ್‌ನ ಸಂಗ್ರಹದಲ್ಲಿ ಕೂರುತ್ತದೆ. ಹಾಗಾಗಿ ಎರಡು ಪಾಳಿಯವರು ಹಂಚಿಕೊಳ್ಳುವ ಕಂಪ್ಯೂಟರ್‌ನಲ್ಲಿ ಇದನ್ನು ಮುಟ್ಟಲೇಬಾರದು, ಬ್ರೌಸರ್‌ನ ಸಂಗ್ರಹವನ್ನು ಅಳಿಸಿದರೆ ಆ ಪ್ರತಿಯೂ ಹೋಗುತ್ತದೆ.

ಕಡತ ಲಗತ್ತಿಸುವ ವಿಷಯದಲ್ಲಿ ಗೊಂದಲ ಹೆಚ್ಚು. ಈ ಮೇಲ್‌ನ ಹಿಂದಿರುವ ಮೈಕ್ರೋಸಾಫ್ಟ್‌ನ ಸರ್ವರ್ ಸೇವೆ ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಕಳುಹಿಸುವ ಪತ್ರದ ಮಿತಿ ಪೂರ್ವನಿಗದಿಯಾಗಿ 35 ಎಂಬಿ ಇರುತ್ತದೆ, ನಿರ್ವಾಹಕರು ಇದನ್ನು 150ರವರೆಗೆ ಏರಿಸಬಹುದು. ಆದರೆ ಮೇಲ್‌ನಲ್ಲಿ ಹೋಗುವಾಗ ಕಡತದ ಪ್ರತಿ ಮೂರು ಬೈಟು ನಾಲ್ಕು ಅಕ್ಷರವಾಗಿ ಬದಲಾಗುವುದರಿಂದ ಗಾತ್ರ ಮೂರನೆಯ ಒಂದರಷ್ಟು ಉಬ್ಬುತ್ತದೆ. 30 ಎಂಬಿಯ ಡ್ರಾಯಿಂಗ್ ದಾರಿಯಲ್ಲಿ 40 ಆಗುತ್ತದೆ. ಹಾಗಾಗಿ ದೊಡ್ಡ ಕಡತವನ್ನು ಮೈಕ್ರೋಸಾಫ್ಟ್‌ನ ಆನ್‌ಲೈನ್ ಕಡತ ಸಂಗ್ರಹವಾದ ಒನ್‌ಡ್ರೈವ್‌ಗೆ ಏರಿಸಿ ಕೊಂಡಿ ಕಳುಹಿಸುವುದೇ ಲೇಸು, ಅದಕ್ಕೆ ಬೇಕಾದ ಗುಂಡಿ ಪತ್ರ ಬರೆಯುವ ಕಿಟಕಿಯಲ್ಲೇ ಇದೆ.

ಕನ್ನಡದ ಮಟ್ಟಿಗೆ ಹೇಳುವುದಾದರೆ, ‘ಲ್ಯಾಂಗ್ವೇಜ್ ಅಂಡ್ ಟೈಮ್’ ಎಂಬಲ್ಲಿ ಕನ್ನಡವನ್ನು ಆರಿಸಿದರೆ ಇಡೀ ಮುಖಪುಟ ಕನ್ನಡಕ್ಕೆ ತಿರುಗುತ್ತದೆ. ನಾನು ಒಂದು ವಾರ ಹಾಗೆ ಬಳಸಿ, ಅನುವಾದದ ಕೆಲವು ಪದಗಳು ಕೈಗೆ ಒಗ್ಗದೆ, ಇಂಗ್ಲಿಷಿಗೆ ಮರಳಿದೆ. ಸ್ಟೋರ್ಸ್‌ನ ಹಿರಿಯರು ಮಾತ್ರ ಕನ್ನಡದಲ್ಲೇ ಉಳಿದಿದ್ದಾರೆ, ಅವರಿಗೆ ಅದು ಹಿತವಾಗಿದೆ. ಪತ್ರವನ್ನು ಕನ್ನಡದಲ್ಲಿ ಬರೆಯಲು ಯಾವ ತೊಡಕೂ ಇಲ್ಲ, ಆದರೆ ಫಾಂಟ್ ಪಟ್ಟಿಯಲ್ಲಿ ಏನನ್ನು ಆರಿಸಿದರೂ ಕನ್ನಡ ಅಕ್ಷರದ ರೂಪ ಬದಲಾಗುವುದಿಲ್ಲ, ಏಕೆಂದರೆ ಅಲ್ಲಿರುವ ಏರಿಯಲ್, ಕ್ಯಾಲಿಬ್ರಿಗಳಲ್ಲಿ ಕನ್ನಡವೇ ಇಲ್ಲ. ಬ್ರೌಸರ್ ತನ್ನ ಯಂತ್ರದಲ್ಲಿರುವ ಕನ್ನಡ ಫಾಂಟನ್ನು ಹುಡುಕಿ ತೋರಿಸುತ್ತದೆ: ಹೊಸ ವಿಂಡೋಸ್‌ನಲ್ಲಿ ನಿರ್ಮಲಾ, ಹಳೆಯದರಲ್ಲಿ ತುಂಗಾ, ಆಂಡ್ರಾಯ್ಡ್‌ನಲ್ಲಿ ನೋಟೋ. ಒಂದೇ ಪತ್ರದ ಒತ್ತಕ್ಷರ ಅಕೌಂಟ್ಸ್‌ನಲ್ಲಿ ತೆಳ್ಳಗೆ, ಮ್ಯಾಕ್‌ನಲ್ಲಿ ದುಂಡಗೆ ಕಾಣುವುದು ಇದರಿಂದಲೇ. ಕಚೇರಿಯೊಂದರಿಂದ ನಮಗೆ ಈಗಲೂ ಯೂನಿಕೋಡ್ (ಎಲ್ಲ ಯಂತ್ರಗಳೂ ಒಪ್ಪುವ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟಿನಲ್ಲಿ ಬೆರಳಚ್ಚಿಸಿ ಪತ್ರಕ್ಕೆ ಅಂಟಿಸಿದ ಸುತ್ತೋಲೆಗಳು ಬರುತ್ತವೆ. ಅವನ್ನು ಬ್ರೌಸರ್‌ನಲ್ಲಿ ತೆರೆದರೆ ಕನ್ನಡದ ಬದಲು ಯೂರೋಪಿನ ಅಕ್ಷರಗಳ ಸಂತೆ ಕಾಣುತ್ತದೆ. ಇದರಲ್ಲಿ ಮೇಲ್‌ನ ತಪ್ಪೇನೂ ಇಲ್ಲ. ಪಿಡಿಎಫ್ ಮಾಡಿ ಕಳುಹಿಸಿ ಎಂದು ಕೇಳಿಕೊಳ್ಳುವುದಷ್ಟೇ ನಮಗಿರುವ ದಾರಿ.

ಬಿಟ್ಟುಕೊಡಬೇಕಾದದ್ದೂ ಇದೆ. ಹಳೆಯ ಡೆಸ್ಕ್‌ಟಾಪ್ ಔಟ್‌ಲುಕ್‌ಗೆಂದು ಬರೆಸಿಕೊಂಡ ಕಾಮ್ ಆಡ್-ಇನ್‌ಗಳು, ಅಂದರೆ ಅದಕ್ಕೆ ಜೋಡಿಸುವ ಕಿರು ತಂತ್ರಾಂಶಗಳು, ಬ್ರೌಸರ್‌ನಲ್ಲಿ ಓಡುವುದಿಲ್ಲ. ಬಿಲ್ಲಿಂಗ್ ತಂತ್ರಾಂಶದಿಂದ ನೇರವಾಗಿ ಮೇಲ್ ಕಳುಹಿಸುವ ಏರ್ಪಾಡು ಮಾಡಿಕೊಂಡವರು ದಾಟುವ ಮುನ್ನ ಇದನ್ನು ಪರೀಕ್ಷಿಸಲಿ. ವಿಂಡೋಸ್‌ಗೆ ಬಂದಿರುವ ‘ಹೊಸ ಔಟ್‌ಲುಕ್’ ಕೂಡ ಇದೇ ವೆಬ್ ತಳಹದಿಯ ಮೇಲೆ ನಿಂತಿರುವುದರಿಂದ ಅದಕ್ಕೆ ಓಡಿಹೋಗಿ ಈ ಕೊರತೆಯಿಂದ ಪಾರಾಗಲು ಬರುವುದಿಲ್ಲ. ನಮಗೆ ಅಂಥ ಆಡ್-ಇನ್ ಇದ್ದದ್ದು ಒಂದೇ, ಅದೂ ಅಕೌಂಟ್ಸ್‌ನಲ್ಲಿ. ಆ ಒಂದು ಯಂತ್ರದಲ್ಲಿ ಹಳೆಯದನ್ನೇ ಇಟ್ಟುಕೊಂಡಿದ್ದೇವೆ.

ಮಿಕ್ಕ ಹದಿಮೂರರಲ್ಲಿ ಹನ್ನೆರಡು ಬ್ರೌಸರ್‌ನಲ್ಲಿ ನೆಮ್ಮದಿಯಾಗಿವೆ. ಸ್ಟೋರ್ಸ್‌ನ ವಿಂಡೋಸ್ 7ನ್ನು ಮುಂದಿನ ತಿಂಗಳಿನಿಂದ ಜಾಲದಿಂದ ಬಿಡಿಸಿ ಲೇಬಲ್ ಪ್ರಿಂಟರ್‌ಗೆ ಮಾತ್ರ ಮೀಸಲಿಟ್ಟು, ಪಕ್ಕದಲ್ಲೇ ಮೇಲ್‌ಗೆಂದು ಹಳೆಯದೊಂದು ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮತ್ತು ಹೊಸ ಫೈರ್‌ಫಾಕ್ಸ್ ಹಾಕಿ ಇಡುವುದೆಂದು ತೀರ್ಮಾನವಾಗಿದೆ.