ಉಬುಂಟು ಜೊತೆ ಬಂದ ಪೈಥಾನ್‌ಗೆ ಕೈ ಹಾಕಬೇಡಿ

ನಾನು ಮಾಡಿದ ಒಂದು ತಪ್ಪಿನಿಂದ ಮನೆಯ ಲ್ಯಾಪ್‌ಟಾಪ್ ಎರಡು ದಿನ ಕೆಟ್ಟು ಕೂತಿತ್ತು. ಹಾಗೇ ಮಾಡಿ ಅಂತ ಹೇಳುವ ಸಲಹೆಗಳು ಈಗಲೂ ಹುಡುಕಿದ ಕಡೆಯೆಲ್ಲ ಸಿಗುತ್ತವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಉಬುಂಟು 22.04, ವಿಂಡೋಸ್ ಥರದ ಒಂದು ಆಪರೇಟಿಂಗ್ ಸಿಸ್ಟಮ್. ಅದರ ಜೊತೆ ಬರುವುದು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ 3.10 ವರ್ಷನ್. ಗೆಳೆಯ ಕಳಿಸಿದ ಪ್ರೋಗ್ರಾಂ ಓಡಿಸಿದರೆ, ಬರೆದ ರೀತಿಯೇ ತಪ್ಪು ಅನ್ನುವ ಸಿಂಟ್ಯಾಕ್ಸ್ ಎರರ್ ಬಂತು. ಅವನು ಡಬಲ್ ಕೋಟ್‌ನಲ್ಲಿ ಬರೆದ ಎಫ್-ಸ್ಟ್ರಿಂಗಿನ (ನಡುವೆ ಬ್ರೇಸ್ ಹಾಕಿ ಬೇಕಾದ ಬೆಲೆ ತುಂಬಿಸಬಹುದಾದ ಪಠ್ಯ) ಬ್ರೇಸ್ ಒಳಗೆ ಮತ್ತೆ ಅದೇ ಡಬಲ್ ಕೋಟ್ ಹಾಕಿದ್ದ. 3.12ರಿಂದ ಈಚೆಗೆ ಅದು ನಡೆಯುತ್ತದೆ, 3.10ರಲ್ಲಿ ನಡೆಯುವುದಿಲ್ಲ. ಸರಿ ಅಂತ ಡೆಡ್‌ಸ್ನೇಕ್ಸ್ ಪಿಪಿಎ (ಬೇರೆ ಬೇರೆ ಪೈಥಾನ್ ವರ್ಷನ್ ಸಿಗುವ, ಉಬುಂಟುವಿನ ಹೊರಗಿನ ಒಂದು ಭಂಡಾರ) ಸೇರಿಸಿ 3.12 ಹಾಕಿಕೊಂಡೆ. ಇಲ್ಲಿಯವರೆಗೆ ಏನೂ ತೊಂದರೆ ಇಲ್ಲ. ಎರಡೂ ಪಕ್ಕಪಕ್ಕದಲ್ಲೇ ಇರುತ್ತವೆ. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಕೊಡುವ ಕಿಟಕಿಯಲ್ಲಿ, ಪೈಥಾನ್3.12 ಅಂತ ಪೂರ್ತಿ ಹೆಸರು ಟೈಪ್ ಮಾಡಿದರೆ ಹೊಸದು ಓಡುತ್ತದೆ, ಬರೀ ಪೈಥಾನ್3 ಅಂದರೆ ಹಳೆಯದು.

ಪ್ರತಿ ಸಲ ಪೂರ್ತಿ ಹೆಸರು ಬರೆಯಲು ಬೇಜಾರಾಗಿ, ಅಪ್‌ಡೇಟ್-ಆಲ್ಟರ್ನೇಟಿವ್ಸ್ (ಒಂದು ಹೆಸರು ಯಾವ ಪ್ರೋಗ್ರಾಂ ಓಡಿಸಬೇಕು ಅಂತ ಬದಲಿಸುವ ಕಮಾಂಡ್) ಬಳಸಿ ಪೈಥಾನ್3 ಅನ್ನುವ ಹೆಸರನ್ನೇ 3.12ರ ಕಡೆ ತಿರುಗಿಸಿದೆ. ಎಲ್ಲ ಶುರುವಾದದ್ದು ಇಲ್ಲಿಂದ.

ಮಾರನೆಯ ದಿನ ಟರ್ಮಿನಲ್ ತೆರೆಯಲಿಲ್ಲ. ಐಕಾನ್ ಒತ್ತಿದರೆ ಸ್ವಲ್ಪ ಹೊತ್ತು ಸುತ್ತಿ ಸುಮ್ಮನಾಗುತ್ತಿತ್ತು. ಎರರ್ ಕೂಡ ಇಲ್ಲ. ವಿಎಸ್ ಕೋಡ್ ಅನ್ನುವ ಕೋಡ್ ಎಡಿಟರ್ ಒಳಗಿನ ಟರ್ಮಿನಲ್ ಮಾತ್ರ ತೆರೆಯಿತು. ಅಲ್ಲಿ ಆಪ್ಟ್ (ಉಬುಂಟುವಿನಲ್ಲಿ ಸಾಫ್ಟ್‌ವೇರ್ ಹಾಕುವ, ತೆಗೆಯುವ ಕಮಾಂಡ್) ಅಪ್‌ಡೇಟ್ ಕೊಟ್ಟರೆ, ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಆಪ್ಟ್_ಪಿಕೆಜಿ ಅನ್ನುವ ಮಾಡ್ಯೂಲ್ (ಪೈಥಾನ್ ಎತ್ತಿಕೊಂಡು ಬಳಸುವ ಸಿದ್ಧ ಕೋಡ್) ಸಿಗುತ್ತಿಲ್ಲ ಅಂತ ಬಂತು.

ಹೀಗಾಗಲು ಕಾರಣ ಏನು ಅಂತ ನನಗೆ ಗೊತ್ತಾದದ್ದು ಆಮೇಲೆ. ಉಬುಂಟು ತನ್ನ ಎಷ್ಟೋ ಕೆಲಸಗಳನ್ನು ಪೈಥಾನ್‌ನಿಂದಲೇ ಮಾಡಿಸಿಕೊಳ್ಳುತ್ತದೆ. 22.04ರಲ್ಲಿ ನಾವು ಒತ್ತುವ ಟರ್ಮಿನಲ್ ಐಕಾನ್ ಓಡಿಸುವುದೇ ಒಂದು ಚಿಕ್ಕ ಪೈಥಾನ್ ಸ್ಕ್ರಿಪ್ಟನ್ನು. ಅದರ ಮೊದಲ ಸಾಲಿನಲ್ಲಿ ಪೈಥಾನ್3ರ ದಾರಿ ಬರೆದಿರುತ್ತದೆ. ಆ ಹೆಸರಿನಲ್ಲಿ 3.10 ಇರುತ್ತದೆ ಅಂತ ನಂಬಿಯೇ ಉಳಿದ ಮಾಡ್ಯೂಲುಗಳನ್ನು ಕಟ್ಟಿಟ್ಟಿರುತ್ತಾರೆ. ಆಪ್ಟ್_ಪಿಕೆಜಿ ಫೈಲಿನ ಹೆಸರಿನೊಳಗೇ ಸಿಪೈಥಾನ್-310 ಅಂತ ಇರುತ್ತದೆ. 3.12 ಬಂದು ಹುಡುಕುವುದು 312 ಅಂತ ಇರುವ ಫೈಲನ್ನು. ಅದು ಅಲ್ಲಿ ಇರುವುದೇ ಇಲ್ಲ. ಆ ಫೈಲನ್ನು ಬೇರೆ ಹೆಸರಲ್ಲಿ ಕಾಪಿ ಮಾಡಿ ಅಂತ ಸಲಹೆ ಕೊಡುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ವರ್ಷನ್‌ಗೆ ಕಂಪೈಲ್ ಮಾಡಿದ್ದು (ಮೆಷಿನ್ನಿನ ಭಾಷೆಗೆ ತಿರುಗಿಸಿದ್ದು) ಇನ್ನೊಂದಕ್ಕೆ ಹೊಂದುತ್ತದೆ ಅನ್ನುವ ಭರವಸೆ ಇಲ್ಲ.

ಇದ್ಯಾವುದೂ ಗೊತ್ತಿಲ್ಲದೆ, ಎರಡು ವರ್ಷನ್ ಇರುವುದರಿಂದಲೇ ಜಗಳ ಅಂದುಕೊಂಡೆ. ಹಳೆಯದನ್ನು ತೆಗೆದರೆ ಸರಿಹೋಗುತ್ತದೆ ಅಂತ ಪೈಥಾನ್3.10ಕ್ಕೆ ಆಪ್ಟ್ ರಿಮೂವ್ ಕೊಟ್ಟೆ. ತೆಗೆದುಹಾಕುವ ಪ್ಯಾಕೇಜುಗಳ ಪಟ್ಟಿ ಪರದೆ ತುಂಬ ಹರಿಯಿತು. ಉಬುಂಟು-ಡೆಸ್ಕ್‌ಟಾಪ್, ಗ್ನೋಮ್-ಟರ್ಮಿನಲ್, ಅಪ್‌ಡೇಟ್-ಮ್ಯಾನೇಜರ್, ಎಲ್ಲ ಅದರಲ್ಲಿ ಇದ್ದವು. ನಾನು ಓದಲಿಲ್ಲ. ಅದು ಕೇಳಿತು, ನಾನು ವೈ ಒತ್ತಿದೆ.

ರೀಸ್ಟಾರ್ಟ್ ಮಾಡಿದರೆ ಕಪ್ಪು ಪರದೆ, ಮೇಲೆ ಲಾಗಿನ್ ಅಂತ ಒಂದು ಸಾಲು. ಅದೇ ಲ್ಯಾಪ್‌ಟಾಪಿನಲ್ಲಿ ತಂಗಿಯ ಕಾಲೇಜಿನ ಪ್ರಾಜೆಕ್ಟ್ ರಿಪೋರ್ಟ್ ಇತ್ತು. ಅವಳು ಸೋಮವಾರ ಕೊಡಬೇಕಿತ್ತು. "ಅಣ್ಣಾ, ನನ್ನ ಫೈಲ್ ಇದೆ ಅಲ್ವಾ?" ಅಂತ ಕೇಳಿದಾಗ ನನಗೆ ಹೂಂ ಅನ್ನಲೂ ಆಗಲಿಲ್ಲ. ವೈಫೈ ಕೂಡ ಬರುತ್ತಿರಲಿಲ್ಲ. ಪಕ್ಕದ ಮನೆಯವರ ಕಂಪ್ಯೂಟರಿನಲ್ಲಿ ಉಬುಂಟು ಇಳಿಸಿ, ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಬೂಟ್ ಮಾಡಿ ಹೋಮ್ ಫೋಲ್ಡರ್ ಪೂರ್ತಿ ಕಾಪಿ ತೆಗೆದೆ. ಪುಣ್ಯಕ್ಕೆ ಫೈಲ್‌ಗಳಿಗೆ ಏನೂ ಆಗಿರಲಿಲ್ಲ. ಆಮೇಲೆ ಎಲ್ಲ ಮೊದಲಿಂದ ಇನ್‌ಸ್ಟಾಲ್ ಮಾಡಿದೆ. ಶನಿವಾರ, ಭಾನುವಾರ ಎರಡೂ ಅದಕ್ಕೇ ಹೋಯಿತು.

ಈಗ ನಾನು ಮಾಡುವುದು ಇಷ್ಟೇ. ಪೈಥಾನ್3 ಉಬುಂಟುವಿನದು, ಅದನ್ನು ಮುಟ್ಟುವುದಿಲ್ಲ. ನನ್ನ ಪ್ರಾಜೆಕ್ಟ್‌ಗೆ 3.12 ಬೇಕಾದರೆ ಆ ಫೋಲ್ಡರಿನಲ್ಲಿ ಪೈಥಾನ್3.12 ಅಂತ ಪೂರ್ತಿ ಹೆಸರು ಹೇಳಿ ಒಂದು ವೆನ್ವ್ (ಆ ಪ್ರಾಜೆಕ್ಟ್‌ಗಷ್ಟೇ ಸೇರಿದ ಪ್ರತ್ಯೇಕ ಪೈಥಾನ್ ಜಾಗ) ಮಾಡಿಕೊಳ್ಳುತ್ತೇನೆ. ಇದಕ್ಕೆ ಪೈಥಾನ್3.12-ವೆನ್ವ್ ಅನ್ನುವ ಪ್ಯಾಕೇಜನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ವೆನ್ವ್ ಆಕ್ಟಿವೇಟ್ ಮಾಡಿದರೆ ಆ ಟರ್ಮಿನಲ್ಲಿನ ಮಟ್ಟಿಗೆ ಪೈಥಾನ್ ಅಂದರೇ 3.12. ನನಗೆ ಬೇಕಿದ್ದದ್ದು ಇದೇ ತಾನೇ.

ಮೂರು ನಾಲ್ಕು ವರ್ಷನ್ ಇಟ್ಟುಕೊಳ್ಳುವವರಿಗೆ ಪೈಎನ್ವ್ ಅನ್ನುವ ಟೂಲ್ ಒಳ್ಳೆಯದು. ಎಲ್ಲ ಹೋಮ್ ಫೋಲ್ಡರಿನೊಳಗೇ ಇರುತ್ತದೆ, ಸೂಡೋ (ಅಡ್ಮಿನ್ ಅಧಿಕಾರದಿಂದ ಕಮಾಂಡ್ ಓಡಿಸುವುದು) ಬೇಡ, ಪ್ರಾಜೆಕ್ಟ್ ಫೋಲ್ಡರಿನ ಒಂದು ಚಿಕ್ಕ ಫೈಲ್ ಯಾವ ವರ್ಷನ್ ಅಂತ ಹೇಳುತ್ತದೆ. ಒಂದು ಮಾತು ಮಾತ್ರ ನೆನಪಿಡಿ: ಅದು ಪೈಥಾನನ್ನು ನಿಮ್ಮ ಮೆಷಿನ್ನಿನಲ್ಲೇ ಕಂಪೈಲ್ ಮಾಡುತ್ತದೆ. ಓಪನ್‌ಎಸ್‌ಎಸ್‌ಎಲ್, ಎಸ್‌ಕ್ಯೂಲೈಟ್, ಲಿಬ್‌ಎಫ್‌ಎಫ್‌ಐ ಇವು ಪೈಥಾನ್ ಬಳಸುವ ಲೈಬ್ರರಿಗಳು, ಇವುಗಳ ಡೆವ್ ಪ್ಯಾಕೇಜುಗಳನ್ನು (ಕಂಪೈಲ್ ಮಾಡಲು ಬೇಕಾಗುವ ಫೈಲುಗಳು) ಮೊದಲೇ ಹಾಕಿ. ಇಲ್ಲದಿದ್ದರೆ ಕಂಪೈಲ್ ನಿಂತುಹೋಗಬಹುದು, ಅಥವಾ ಕೆಲವು ಮಾಡ್ಯೂಲ್ ಇಲ್ಲದ ಪೈಥಾನ್ ಸಿಗುತ್ತದೆ. ಕಂಪೈಲ್ ತಾಪತ್ರಯ ಬೇಡ ಅನ್ನುವವರು ಯುವಿ ಅನ್ನುವ ಟೂಲ್ ಬಳಸಬಹುದು, ಅದು ತಯಾರಾದದ್ದನ್ನೇ ಇಳಿಸಿಕೊಡುತ್ತದೆ.

ಸೂಡೋ ಜೊತೆ ಪಿಪ್ (ಪೈಥಾನ್ ಪ್ಯಾಕೇಜುಗಳನ್ನು ಹಾಕುವ ಕಮಾಂಡ್) ಓಡಿಸುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ. ಉಬುಂಟು 24.04ರಲ್ಲಿ ಸಿಸ್ಟಮ್ ಪೈಥಾನ್‌ಗೆ ಪಿಪ್‌ನಿಂದ ಪ್ಯಾಕೇಜ್ ಹಾಕಲು ಹೋದರೆ ಪಿಪ್ಪೇ ತಡೆಯುತ್ತದೆ. ದಾಟಿ ಹೋಗುವ ಆಪ್ಷನ್ನಿಗೆ ಬ್ರೇಕ್ ಸಿಸ್ಟಮ್ ಪ್ಯಾಕೇಜಸ್ ಅಂತಲೇ ಹೆಸರಿಟ್ಟಿದ್ದಾರೆ. ಆ ಹೆಸರನ್ನು ಸುಮ್ನೆ ಇಟ್ಟಿಲ್ಲ.

ಈಗಾಗಲೇ ಪೈಥಾನ್3 ತಿರುಗಿಸಿ ಟರ್ಮಿನಲ್ ತೆರೆಯದೆ ಕೂತಿದ್ದೀರಾ? ಗಾಬರಿ ಬೇಡ, ಏನನ್ನೂ ತೆಗೆದುಹಾಕಬೇಡಿ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಬರೀ ಅಕ್ಷರದ ಪರದೆ ಬರುತ್ತದೆ. ಅಲ್ಲಿ ಲಾಗಿನ್ ಆಗಿ, ಯುಎಸ್ಆರ್ ಬಿನ್ ಫೋಲ್ಡರ್ ಒಳಗಿನ ಪೈಥಾನ್3 ಲಿಂಕನ್ನು (ಆ ಹೆಸರು ಯಾವ ವರ್ಷನ್ ಅಂತ ತೋರಿಸುವ ಕೊಂಡಿ) ನಿಮ್ಮ ಉಬುಂಟು ಜೊತೆ ಬಂದ ವರ್ಷನ್‌ಗೆ ಮತ್ತೆ ಕಟ್ಟಿ. 20.04 ಆದರೆ 3.8, 22.04 ಆದರೆ 3.10, 24.04 ಆದರೆ 3.12. ಆಮೇಲೆ ಕಂಟ್ರೋಲ್, ಆಲ್ಟ್, ಎಫ್2 ಒತ್ತಿ ಡೆಸ್ಕ್‌ಟಾಪಿಗೆ ವಾಪಸ್ ಬಂದು ಟರ್ಮಿನಲ್ ಐಕಾನ್ ಒತ್ತಿ ನೋಡಿ.