ಲೀಸ್‌ಗೆ ಮನೆ ಹಿಡಿಯುವ ಮೊದಲು ಖಾಲಿ ಮಾಡುತ್ತಿರುವವರನ್ನು ಒಂದು ಮಾತು ಕೇಳಿ

ಬೆಂಗಳೂರಿನಲ್ಲಿ ಲೀಸ್‌ಗೆ ಮನೆ ಹುಡುಕುತ್ತಿದ್ದೀರಾ? ತಿಂಗಳು ತಿಂಗಳು ಬಾಡಿಗೆ ಕಟ್ಟಿ ಸಾಕಾಗಿ, ಊರಿನ ಸೈಟು ಮಾರಿದ ದುಡ್ಡೋ ಒಡವೆ ಅಡವಿಟ್ಟ ದುಡ್ಡೋ ಹಿಡಿದು ಹೊರಟಿದ್ದರೆ ಇದನ್ನು ಓದಿ.

ನಮಗೆ ಸಿಕ್ಕಿದ್ದು ಕೋಣನಕುಂಟೆ ಕಡೆ ಎರಡು ಬೆಡ್‌ರೂಮಿನ ಮನೆ. 12 ಲಕ್ಷ, 3 ವರ್ಷ. ಬಾಡಿಗೆ ಇಲ್ಲ, ಬಿಡುವಾಗ ಪೂರ್ತಿ ಹಣ ವಾಪಸ್. ಓನರ್ ಫಾರಿನ್‌ನಲ್ಲಿದ್ದಾರೆ, ಜಿಪಿಎ (ಅವರ ಪರವಾಗಿ ವ್ಯವಹಾರ ಮಾಡುವ ಅಧಿಕಾರ ಪತ್ರ) ನನ್ನ ಹತ್ತಿರವೇ ಇದೆ ಅಂತ ಏಜೆಂಟ್ ಜೆರಾಕ್ಸ್ ತೋರಿಸಿದ. ರಿಜಿಸ್ಟರ್ ಮಾಡಿಸೋದು ಸುಮ್ನೆ ಖರ್ಚು, ನೋಟರಿ ಸಾಕು ಅಂದ. ಆಗ ಆ ಮನೆಯಲ್ಲಿದ್ದ ದಂಪತಿ ಕಾಫಿ ಕೊಟ್ಟು, ಕಾವೇರಿ ನೀರು ಬರುತ್ತೆ, ಅಕ್ಕಪಕ್ಕ ಒಳ್ಳೆ ಜನ ಅಂತ ಹೊಗಳಿದರು. "ಓನರ್ ಹೇಗೆ?" ಅಂದಾಗ ಆ ಹೆಂಗಸು ಗಂಡನ ಮುಖ ನೋಡಿದರು. "ಎಲ್ಲಾ ಏಜೆಂಟೇ ನೋಡ್ಕೋತಾರೆ" ಅಂದರು ಅವರು. ಅದರಲ್ಲಿ ಸುಳ್ಳೇನೂ ಇರಲಿಲ್ಲ ಬಿಡಿ.

ಕೆಲವು ತಿಂಗಳಾದ ಮೇಲೆ ವಯಸ್ಸಾದವರೊಬ್ಬರು ಬಾಗಿಲು ತಟ್ಟಿದರು. "ಬಾಡಿಗೆ ಯಾವಾಗ ಕೊಡ್ತೀರಪ್ಪಾ?" ಅವರೇ ಓನರ್! ಇರುವುದು ಬನಶಂಕರಿಯಲ್ಲಿ. ಅವರ ಕೈಯಲ್ಲಿದ್ದದ್ದು ಏಜೆಂಟ್ ಹೆಸರಿನ 11 ತಿಂಗಳ ಬಾಡಿಗೆ ಕರಾರು, ತಿಂಗಳಿಗೆ 18 ಸಾವಿರ. ಮನೆಯನ್ನು ಲೀಸ್‌ಗೆ ಕೊಟ್ಟಿರುವುದೇ ಅವರಿಗೆ ಗೊತ್ತಿಲ್ಲ.

ಆಟ ಇಷ್ಟೇ. ಏಜೆಂಟ್ ಓನರ್ ಹತ್ತಿರ ಬಾಡಿಗೆಗೆ ಹಿಡಿದು ನಮಗೆ ಲೀಸ್‌ಗೆ ಕೊಡುತ್ತಾನೆ. ನಮ್ಮ ದುಡ್ಡಲ್ಲೇ ಓನರ್‌ಗೆ ಬಾಡಿಗೆ ಕಟ್ಟುತ್ತಾನೆ, ಕೈ ಖಾಲಿಯಾದಾಗ ನಿಲ್ಲಿಸುತ್ತಾನೆ. 3 ವರ್ಷಕ್ಕೆ ಬಾಡಿಗೆಯೇ ಆರೂವರೆ ಲಕ್ಷದ ಹತ್ತಿರ. ಹಾಗಾದರೆ ನಮ್ಮ 12 ಲಕ್ಷ ಎಲ್ಲಿಂದ ವಾಪಸ್ ಬರಬೇಕು? ನಮ್ಮ ನಂತರ ಬರುವವರ ಜೇಬಿನಿಂದ.

ಹಿಂದೆ ಇದ್ದವರಿಗೆ ಫೋನ್ ಮಾಡಿದೆ. "ನಮಗೂ ಆಮೇಲೆ ಗೊತ್ತಾಯ್ತು ಸಾರ್. ನಮ್ಮ ದುಡ್ಡು ಬಂದರೆ ಸಾಕಾಗಿತ್ತು" ಅಂದರು. ಏಜೆಂಟ್ ಮೇಲೆ ಬಂದಿದ್ದಕ್ಕಿಂತ ಜಾಸ್ತಿ ಸಿಟ್ಟು ನನಗೆ ಇವರ ಮೇಲೆ ಬಂತು. ಅವನ ಕಸುಬೇ ಅದು. ಇವರು ನಮ್ಮಂಥವರೇ ಅಲ್ವಾ?

ಏಜೆಂಟ್ ನಮಗೂ ಅದೇ ದಾರಿ ತೋರಿಸಿದ. "ಗಲಾಟೆ ಬೇಡ ಅಣ್ಣಾ. ಹೊಸ ಪಾರ್ಟಿ ಕರ್ಕೊಂಡು ಬರ್ತೀನಿ, ಮನೆ ಚೆನ್ನಾಗಿದೆ ಅನ್ನಿ ಸಾಕು. ಅವರು ಕೊಟ್ಟ ದಿನವೇ ನಿಮ್ಮದು ಸೆಟ್ಲ್." ಕರೆದುಕೊಂಡೂ ಬಂದ. ಹುಬ್ಬಳ್ಳಿ ಕಡೆಯ ಗಂಡ ಹೆಂಡತಿ, ಕಂಕುಳಲ್ಲಿ ಮಗು. ಆಕೆ ಅಡುಗೆಮನೆಯಲ್ಲಿ ಫ್ರಿಜ್ ಎಲ್ಲಿಡೋದು ಅಂತ ಗೇಣಿನಲ್ಲಿ ಅಳೆಯುತ್ತಿದ್ದರು. ಏಜೆಂಟ್ ಫೋನ್ ಬಂತೆಂದು ಹೊರಗೆ ಹೋದ. ನನ್ನ ಹೆಂಡತಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹಾಲಿನ ಲೆಕ್ಕದ ಚೀಟಿಯ ಹಿಂದೆ ಓನರ್ ನಂಬರ್ ಬರೆದು ಆಕೆಯ ಕೈಗಿಟ್ಟಳು. "ಅಡ್ವಾನ್ಸ್ ಕೊಡೋ ಮುಂಚೆ ಇವರಿಗೊಂದು ಫೋನ್ ಮಾಡಿ ಅಕ್ಕಾ."

ಅವರು ಬಚಾವಾದರು. ಏಜೆಂಟ್ ನಮ್ಮ ಫೋನ್ ಎತ್ತುವುದನ್ನೇ ಬಿಟ್ಟ. ಠಾಣೆಯಲ್ಲಿ ಮೊದಲು ಇದು ಸಿವಿಲ್ ವಿಷಯ ಅಂದರು. ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದಿದ್ದೇವೆ, ವಕೀಲರನ್ನೂ ಹಿಡಿದಿದ್ದೇವೆ. ಹಣ ಇನ್ನೂ ಬಂದಿಲ್ಲ.

ನೀವು ಓನರ್‌ನ ಮುಖ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆಸ್ತಿ ತೆರಿಗೆ ರಸೀದಿಯಲ್ಲಿರುವ ಹೆಸರು, ಅವರ ಆಧಾರ್, ಹಣ ಹೋಗುವ ಬ್ಯಾಂಕ್ ಖಾತೆ, ಮೂರೂ ಒಬ್ಬರದ್ದೇ ಆಗಿರಬೇಕು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇ.ಸಿ. (ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ) ತೆಗೆಸಿ ನೋಡಿ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸ್ ಕರಾರು 1908ರ ನೋಂದಣಿ ಕಾಯ್ದೆಯ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ನೋಟರಿ ಸಾಕು ಅಂದವನನ್ನು ಅಲ್ಲೇ ಬಿಡಿ. ಮನೆ ಖಾಲಿ ಮಾಡುತ್ತಿರುವವರು ಸಿಕ್ಕರೆ, ಏಜೆಂಟ್ ಇಲ್ಲದಾಗ ಕೇಳಿ: "ನಿಮ್ಮ ಲೀಸ್ ದುಡ್ಡು ಯಾರು ವಾಪಸ್ ಕೊಡ್ತಿದ್ದಾರೆ?" ಅವರು ಏಜೆಂಟ್ ಹೆಸರು ಹೇಳಿದರೆ, ಅಥವಾ ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಕಾಫಿ ಕುಡಿದು ಹೊರಟುಬಿಡಿ.